ಕಳಚಬಲ್ಲ ಪದರ

ಅರಗಿನ ಹೆಣ್ಣುಹುಳು ಮುತ್ತುಗದ ಎಳೆಗೊಂಬೆಯ ಮೇಲೆ ಒಮ್ಮೆ ನೆಲೆಯೂರಿದರೆ ಮತ್ತೆ ಕದಲುವುದಿಲ್ಲ. ತೊಗಟೆಗೆ ಬಾಯಿ ಊರಿ ರಸ ಹೀರುತ್ತದೆ, ಮೈಯಿಂದ ಅಂಟು ಒಸರಿಸುತ್ತದೆ. ಗಾಳಿ ತಾಕಿ ಆ ಅಂಟು ಗಟ್ಟಿಯಾಗಿ ಹುಳುವಿನ ಸುತ್ತ ಗೂಡಾಗುತ್ತದೆ. ಸಾವಿರಾರು ಹುಳುಗಳ ಗೂಡು ಒಂದಕ್ಕೊಂದು ಬೆಸೆದು ಇಡೀ ಕೊಂಬೆಗೆ ಕೆಂಗಂದು ಬಣ್ಣದ ಹೊದಿಕೆ ಹಾಸಿದಂತೆ ಕಾಣುತ್ತದೆ. ಹುಳು ಅದರೊಳಗೇ ಬೆಳೆದು, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಆದರೆ ಹೊದಿಕೆ ಪೂರ್ತಿ ಮುಚ್ಚಿರುವುದಿಲ್ಲ. ಅದರಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಮರಿಗಳು ಅವುಗಳ ಮೂಲಕವೇ ಹೊರಬಂದು ಹೊಸ ಚಿಗುರನ್ನು ಹುಡುಕಿಕೊಂಡು ಹೋಗುತ್ತವೆ.

ವಸ್ತುಗಳ ಮೇಲೆ ನಾವು ಬಳಿಯುವ ಪದರಗಳ ಬಗ್ಗೆ ಯೋಚಿಸುವಾಗಲೆಲ್ಲ ನನ್ನ ಮನಸ್ಸು ಈ ರಂಧ್ರಗಳ ಕಡೆಗೆ ಹೋಗುತ್ತದೆ. ಬಣ್ಣ, ವಾರ್ನಿಷ್, ಸಿನಿಮಾ ಫಿಲಂ, ಅಚ್ಚಿನ ಪ್ಲೇಟಿನ ಮೇಲಿನ ಲೇಪ, ಚಿಪ್ ತಯಾರಿಸುವಾಗ ಹಚ್ಚುವ ರೆಸಿಸ್ಟ್, ಇವೆಲ್ಲ ಪಾಲಿಮರ್‌ಗಳೇ, ಸಣ್ಣ ಅಣುಗಳು ಸೇರಿ ಆದ ಉದ್ದುದ್ದ ಸರಪಳಿಗಳು. ಇವುಗಳಿಂದ ಮನುಷ್ಯ ಮುಖ್ಯವಾಗಿ ಎರಡು ಕೆಲಸ ಮಾಡಿಸಿಕೊಳ್ಳುತ್ತಾನೆ: ಕಾಪಾಡುವುದು ಮತ್ತು ಚಿತ್ರ ಮೂಡಿಸುವುದು. ಕೈಗಾರಿಕೆಯ ಲೆಕ್ಕಪುಸ್ತಕದಲ್ಲಿ ಇವು ಬೇರೆ ಬೇರೆ ವಿಭಾಗ. ಒಳಹೊಕ್ಕು ನೋಡಿದರೆ ಎರಡೂ ಒಂದೇ ಕೆಲಸ. ಏನನ್ನು ಉಳಿಸಬೇಕು, ಎಲ್ಲಿಯವರೆಗೆ ಉಳಿಸಬೇಕು ಎಂಬ ಪ್ರಶ್ನೆಗಳು ಎರಡಕ್ಕೂ ಇವೆ. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನಾವು ಬಹಳ ಮುಂದೆ ಹೋಗಿದ್ದೇವೆ. ಎರಡನೆಯದನ್ನು ಕೇಳಿಕೊಂಡದ್ದೇ ಕಡಿಮೆ.

ಅರಗು ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಕರ್ಮಿ ಲೇತಿನ ಮೇಲೆ ಆಲೆಮರದ ತುಂಡನ್ನು ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವುದನ್ನು ನೋಡಬೇಕು. ಬೆಂಕಿ ಇಲ್ಲ, ಬ್ರಷ್ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯನ್ನು ಒತ್ತಿ ಹಿಡಿದರೆ ಅಲ್ಲಲ್ಲಿ ದಪ್ಪಗಿದ್ದ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲದ ಲೇಪ ಎಂದು ಅದಕ್ಕೆ ಹೆಸರು. ಅದೇ ಅರಗನ್ನು ನಂಬಿಕೊಂಡು ಮೈಸೂರು ಸಂಸ್ಥಾನದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಆ ಕಾರ್ಖಾನೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿಗೆ ಅರಗು ಸಾಲದೇ ಬಂತು. ವಿದ್ಯುತ್ ತಂತಿಗಳಿಗೆ, ಯಂತ್ರಗಳಿಗೆ, ಪೀಠೋಪಕರಣಗಳಿಗೆ, ಗ್ರಾಮಫೋನ್ ತಟ್ಟೆಗಳಿಗೆ ಎಲ್ಲಕ್ಕೂ ಅದೇ ಬೇಕು. ಅದನ್ನು ಒಸರಿಸಬೇಕಾದದ್ದು ಮಾತ್ರ ಭಾರತದ ಕಾಡಿನ ಒಂದು ಹುಳು. ಇದಕ್ಕೆ ಬದಲಿ ಹುಡುಕಲು ಹೊರಟವರಲ್ಲಿ ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋಗಿದ್ದ ಲಿಯೋ ಬೇಕ್‌ಲ್ಯಾಂಡ್ ಒಬ್ಬ. ಅವನ ಮೊದಲ ಸಂಪಾದನೆ ಬಂದದ್ದು ಛಾಯಾಚಿತ್ರದಿಂದ. ದೀಪದ ಬೆಳಕಿನಲ್ಲೇ ಪ್ರಿಂಟ್ ಹಾಕಬಹುದಾದ ವೆಲಾಕ್ಸ್ ಕಾಗದವನ್ನು ಮಾಡಿ, 1899ರಲ್ಲಿ ಅದನ್ನು ಕೊಡಕ್‌ನ ಜಾರ್ಜ್ ಈಸ್ಟ್‌ಮನ್‌ಗೆ ಮಾರಿದ. ಆ ಹಣದ ಬಲದಿಂದ ಅರಗಿನ ಬದಲಿಗಾಗಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಕೂಡಿಸಿ ಪ್ರಯೋಗಕ್ಕೆ ಕುಳಿತ. ಮೊದಲು ಕೈಗೆ ಬಂದದ್ದು ನೊವೊಲಾಕ್ ಎಂಬ ಕರಗುವ ರಾಳ. ಅದು ಅರಗನ್ನು ಸರಿಸಿ ಮಾರುಕಟ್ಟೆ ಹಿಡಿಯಲಿಲ್ಲ. 1907ರಲ್ಲಿ ಒತ್ತಡ ಮತ್ತು ಬಿಸಿಯಲ್ಲಿ ಮತ್ತೆಂದೂ ಕರಗದಂತೆ ಗಟ್ಟಿಯಾಗುವ ಬೇಕಲೈಟ್ ಸಿಕ್ಕಿತು. ಜಗತ್ತು ಬೇಕಲೈಟಿನ ಹಿಂದೆ ಹೋಯಿತು. ಕರಗುವ ನೊವೊಲಾಕ್ ಬದಿಗೆ ಸರಿಯಿತು. ಅದರ ಬೆಲೆ ತಿಳಿದದ್ದು ಕೆಲವು ದಶಕಗಳ ನಂತರ, ಅದೂ ಬೆಳಕಿನ ಸಹವಾಸದಲ್ಲಿ.

ಬೆಳಕು ಮತ್ತು ರಾಳದ ಸಂಬಂಧ ಇನ್ನೂ ಹಳೆಯದು. ಫ್ರಾನ್ಸಿನ ಸೇಂಟ್-ಲೂ-ದ-ವರೆನ್ ಎಂಬ ಹಳ್ಳಿಯಲ್ಲಿ ನಿಸೆಫೋರ್ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಾಣುವ ಛಾವಣಿಗಳನ್ನು ಒಂದು ತವರಮಿಶ್ರ ತಗಡಿನ ಮೇಲೆ ಹಿಡಿದ. ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಇಂದು ಉಳಿದಿರುವವುಗಳಲ್ಲೆಲ್ಲ ಹಳೆಯದು ಅದೇ. ಅಮೆರಿಕದ ಆಸ್ಟಿನ್‌ನಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅದರಲ್ಲಿ ಬೆಳ್ಳಿಯಿಲ್ಲ. ನಿಯೆಪ್ಸ್ ಬಳಸಿದ್ದು ಒಂದು ಬಗೆಯ ಡಾಂಬರು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವವರು ಆ ಡಾಂಬರನ್ನು ಮೊದಲಿನಿಂದಲೂ ಬಲ್ಲರು. ಆಮ್ಲ ಎಲ್ಲಿ ತಾಕಬಾರದೋ ಅಲ್ಲಿಗೆ ಅದನ್ನು ಬಳಿಯುತ್ತಿದ್ದರು. ನಿಯೆಪ್ಸ್ ಗಮನಿಸಿದ್ದು ಇಷ್ಟು: ಬಿಸಿಲು ತಾಕಿದ ಡಾಂಬರು ಗಟ್ಟಿಯಾಗುತ್ತದೆ, ತಾಕದ್ದು ಲ್ಯಾವೆಂಡರ್ ಎಣ್ಣೆಯಲ್ಲಿ ತೊಳೆದರೆ ಹೋಗುತ್ತದೆ. ಕಾಪಾಡುವ ಲೇಪವೇ ಅವನ ಕೈಯಲ್ಲಿ ಚಿತ್ರ ಹಿಡಿಯುವ ಲೇಪವಾಯಿತು.

ಇದನ್ನು ನಾನು ಬಹಳ ದೊಡ್ಡ ಅರಿವು ಎಂದು ತಿಳಿಯುತ್ತೇನೆ. ಚಿತ್ರ ಎಂದರೆ ಏನನ್ನೋ ಹೊಸದಾಗಿ ಸೇರಿಸುವುದು ಎಂದು ನಾವು ಭಾವಿಸಿರುತ್ತೇವೆ. ಇಲ್ಲಿ ಮೊದಲು ಎಲ್ಲವನ್ನೂ ಸಮನಾಗಿ ಮುಚ್ಚಲಾಗಿದೆ. ಆಮೇಲೆ ಬೆಳಕು ಬಂದು, ಮುಚ್ಚಿದ್ದರಲ್ಲಿ ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಬೇರ್ಪಡಿಸಿದೆ. ಮುಚ್ಚಿದ್ದೆಲ್ಲ ಹಾಗೇ ಉಳಿದರೆ ಅದು ಬರೀ ಕಪ್ಪು ತಗಡು. ಎಲ್ಲವೂ ತೊಳೆದುಹೋದರೆ ಬರಿಯ ತಗಡು. ಹೋದದ್ದಕ್ಕೂ ಉಳಿದದ್ದಕ್ಕೂ ನಡುವಿನ ಗಡಿಯೇ ಛಾವಣಿಯ ಅಂಚಾಗಿ ಕಾಣುತ್ತದೆ. ನೆನಪೂ ಹೀಗೇ ಕೆಲಸ ಮಾಡುತ್ತದೆ ಎಂದು ಅನ್ನಿಸುತ್ತದೆ. ಆದರೆ ಹೋಲಿಕೆಗೆ ಮನಸೋತರೆ ವಸ್ತು ಕೈಬಿಟ್ಟುಹೋಗುತ್ತದೆ. ಹಾಗಾಗಿ ವಸ್ತುವಿಗೇ ಬರೋಣ.

ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಮಾಡುವ ಸಿಟಿಪಿ ಬರುವ ಮುಂಚೆ ನಮ್ಮ ಊರೂರಿನ ಆಫ್‌ಸೆಟ್ ಪ್ರೆಸ್ಸುಗಳಲ್ಲಿ ನಿಯೆಪ್ಸ್‌ನ ಕೆಲಸ ದಿನವೂ ನಡೆಯುತ್ತಿತ್ತು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲಕ್ಕೂ ಪಿಎಸ್ ಪ್ಲೇಟ್ ಬೇಕು. ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಹಸಿರುನೀಲಿ ಬಣ್ಣದ ತೆಳುಲೇಪ. ಪ್ಲೇಟಿನ ಮೇಲೆ ಅಕ್ಷರಗಳಿರುವ ಪಾಸಿಟಿವ್ ಫಿಲಂ ಇಟ್ಟು, ಗಾಜು ಮುಚ್ಚಿ, ನಡುವಿನ ಗಾಳಿಯನ್ನು ಪಂಪ್ ಹೀರಿಕೊಂಡ ಮೇಲೆ ಜೋರಾದ ದೀಪ ಹೊತ್ತಿಸುತ್ತಾರೆ. ಆಮೇಲೆ ಡೆವಲಪರ್ ಸುರಿದು ಸ್ಪಂಜಿನಿಂದ ಉಜ್ಜಿದರೆ, ಬೆಳಕು ಬಿದ್ದ ಕಡೆಯ ಲೇಪ ಬಣ್ಣದ ನೀರಾಗಿ ಹರಿದುಹೋಗುತ್ತದೆ. ಅಕ್ಷರದ ನೆರಳು ಬಿದ್ದ ಕಡೆ ಮಾತ್ರ ಲೇಪ ನಿಲ್ಲುತ್ತದೆ. ಆ ಲೇಪ ಮಸಿಯನ್ನು ಹಿಡಿಯುತ್ತದೆ, ಬೋಳಾದ ಅಲ್ಯೂಮಿನಿಯಂ ನೀರನ್ನು ಹಿಡಿಯುತ್ತದೆ. ಪ್ಲೇಟನ್ನು ಎತ್ತಿಡಬೇಕಾದರೆ ಅದರ ಮೇಲೆ ಗಮ್ ಬಳಿಯುತ್ತಾರೆ. ಅದು ಅಕೇಶಿಯಾ ಮರದ ಅಂಟು. ಬೋಳು ಜಾಗಕ್ಕೆ ಗಾಳಿಯೂ ಜಿಡ್ಡೂ ತಾಕದಂತೆ ಕಾಯುತ್ತದೆ. ಮತ್ತೆ ಅಚ್ಚು ಹಾಕುವ ದಿನ ಒದ್ದೆ ಸ್ಪಂಜು ಎಳೆದರೆ ಗಮ್ ಕರಗಿ ಹೋಗುತ್ತದೆ. ಒಂದೇ ತಗಡಿನ ಮೇಲೆ ಎರಡು ಪದರ. ಒಂದು ಸಾವಿರಾರು ಪ್ರತಿ ಮುಗಿಯುವವರೆಗೆ ಇರಬೇಕು, ಇನ್ನೊಂದು ನೀರು ಕಂಡೊಡನೆ ಹೋಗಬೇಕು. ಪ್ರೆಸ್ಸಿನವರಿಗೆ ಇದನ್ನು ಯಾರೂ ತತ್ತ್ವವೆಂದು ಹೇಳಿಕೊಡಬೇಕಾಗಿಲ್ಲ. ಅದು ಅವರ ಕೈಗೆ ಗೊತ್ತಿದೆ.

ಆ ಹಸಿರುನೀಲಿ ಲೇಪದ ಒಳಗಿದ್ದದ್ದು ಬೇಕ್‌ಲ್ಯಾಂಡ್ ಬದಿಗಿಟ್ಟಿದ್ದ ನೊವೊಲಾಕ್. ಜರ್ಮನಿಯ ವೀಸ್‌ಬಾಡೆನ್‌ನ ಕಾಲೆ ಕಂಪನಿಯ ರಸಾಯನಜ್ಞರು ಅದಕ್ಕೆ ಬೆಳಕಿಗೆ ಸ್ಪಂದಿಸುವ ಒಂದು ಸಂಯುಕ್ತವನ್ನು ಬೆರೆಸಿದರು. ಕತ್ತಲಲ್ಲಿ ಆ ಸಂಯುಕ್ತ ರಾಳವನ್ನು ಕರಗದಂತೆ ತಡೆಯುತ್ತದೆ. ಬೆಳಕು ಬಿದ್ದರೆ ತಾನೇ ಆಮ್ಲವಾಗಿ ಮಾರ್ಪಟ್ಟು, ಕರಗಲು ದಾರಿ ಮಾಡಿಕೊಡುತ್ತದೆ. ಮುಂದೆ ಕಂಪ್ಯೂಟರ್ ಚಿಪ್‌ಗಳನ್ನು ಮಾಡುವವರು ಇದೇ ಜೋಡಿಯನ್ನು ಎತ್ತಿಕೊಂಡು ದಶಕಗಳ ಕಾಲ ಬಳಸಿದರು. ಅದಕ್ಕೂ ಮುಂಚೆ ಕೊಡಕ್‌ನ ಲೂಯಿಸ್ ಮಿನ್ಸ್ಕ್ ಬೇರೊಂದು ಬಗೆ ಕಂಡುಹಿಡಿದಿದ್ದ. ದಾಲ್ಚಿನ್ನಿಯ ನೆಂಟನಾದ ಸಿನ್ನಮಿಕ್ ಆಮ್ಲವನ್ನು ಪಾಲಿಮರ್ ಸರಪಳಿಗೆ ಪೋಣಿಸಿದರೆ, ಬೆಳಕು ಬಿದ್ದಾಗ ಪಕ್ಕದ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡು ಕರಗದಂತಾಗುತ್ತವೆ. ಒಂದರಲ್ಲಿ ಬೆಳಕು ಕಟ್ಟುತ್ತದೆ, ಇನ್ನೊಂದರಲ್ಲಿ ಬಿಚ್ಚುತ್ತದೆ.

ಚಿಪ್ ಕಾರ್ಖಾನೆಯಲ್ಲಿ ಗುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ, ರೆಸಿಸ್ಟ್ ಎಂದು ಕರೆಯುವ ಈ ರಾಳದ ದ್ರವವನ್ನು ಸುರಿದು ಗಿರಗಿರನೆ ತಿರುಗಿಸುತ್ತಾರೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪದರ ಸಮನಾಗಿ ಹರಡುತ್ತದೆ. ಬೆಳಕಿನಿಂದ ನಕ್ಷೆ ಬರೆದು, ತೊಳೆದು, ತೆರೆದ ಜಾಗವನ್ನು ಮಾತ್ರ ಕೊರೆಯುತ್ತಾರೆ. ಕೆಲಸ ಮುಗಿದ ಕೂಡಲೇ ಆಮ್ಲಜನಕದ ಪ್ಲಾಸ್ಮಾದಲ್ಲಿ ಉಳಿದ ರೆಸಿಸ್ಟನ್ನು ಸುಟ್ಟು ತೆಗೆಯುತ್ತಾರೆ. ಮತ್ತೆ ಹೊಸ ಪದರ, ಹೊಸ ನಕ್ಷೆ. ಒಂದೇ ಬಿಲ್ಲೆಗೆ ಹತ್ತಾರು ಬಾರಿ ಹೀಗಾಗುತ್ತದೆ. ನಮ್ಮ ಜೇಬಿನ ಫೋನಿನಲ್ಲಿರುವ ಚಿಪ್‌ನ ಒಂದೊಂದು ಗೆರೆಯನ್ನೂ ಹೀಗೆ ಬಂದುಹೋದ ರೆಸಿಸ್ಟ್ ಕಾದುಕೊಟ್ಟಿದೆ. ಆ ಚಿಪ್‌ನಲ್ಲಿ ಅದರ ಕುರುಹು ಇರುವುದಿಲ್ಲ. ಇದರ ಜೊತೆಗೇ 1959ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಜಾನ್ ಹೋರ್ನಿ ತೋರಿಸಿದ ಮಾತನ್ನೂ ನೆನೆಯಬೇಕು. ಸಿಲಿಕಾನಿನ ಮೇಲೆ ಬೆಳೆಯುವ ಆಕ್ಸೈಡನ್ನು ಕೊಳೆಯೆಂದು ಎಲ್ಲರೂ ತೊಳೆದುಹಾಕುತ್ತಿದ್ದಾಗ, ಅದನ್ನು ಹಾಗೇ ಬಿಟ್ಟರೆ ಒಳಗಿನ ಸೂಕ್ಷ್ಮ ಸಂಧಿಗಳನ್ನು ಅದೇ ಕಾಯುತ್ತದೆ ಎಂದು ಅವನು ಕಂಡುಕೊಂಡ. ಎಲ್ಲ ಪದರವೂ ಹೋಗಬೇಕೆಂದಲ್ಲ. ಯಾವುದು ಹೋಗಬೇಕು, ಯಾವುದು ಇರಬೇಕು ಎಂಬ ವಿವೇಚನೆಯೇ ಈ ಇಡೀ ವಿದ್ಯೆ.

ಈಗ ಮೈಸೂರಿನ ಕಾರ್ಖಾನೆಗೆ ಬರುತ್ತೇನೆ. ಮತಪೆಟ್ಟಿಗೆಗಳಿಗೆ ಮೊಹರು ಹಾಕುವ ಅರಗನ್ನು ಒದಗಿಸಿದ್ದ ಕಾರ್ಖಾನೆ ಅದು. 1962ರ ಮಹಾಚುನಾವಣೆಯಿಂದ ಅದು ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನೂ ಮಾಡುತ್ತಿದೆ. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. ಆ ಶಾಯಿಯೊಳಗಿರುವುದು ಸಿಲ್ವರ್ ನೈಟ್ರೇಟ್, ಅಂದರೆ ಹಳೆಯ ಛಾಯಾಚಿತ್ರಗಾರರ ರಾಸಾಯನಿಕ. ಚರ್ಮದ ಬೆವರಿನ ಉಪ್ಪಿನೊಂದಿಗೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ನಮ್ಮ ಎಡಗೈ ತೋರುಬೆರಳಿನ ಮೇಲೆ ಆಗುವುದು ನಿಜವಾದ ಅರ್ಥದಲ್ಲಿ ಒಂದು ಛಾಯಾಗ್ರಹಣ. ಸಾಬೂನಿಗೆ ಹೋಗದು, ಎಣ್ಣೆಗೆ ಹೋಗದು. ಆದರೂ ಅದು ಹೋಗುತ್ತದೆ. ಚರ್ಮದ ಮೇಲುಪದರ ತಾನೇ ಸತ್ತು ಉದುರಿದಾಗ, ಉಗುರು ಬೆಳೆದು ಕತ್ತರಿಸಿದಾಗ ಗುರುತೂ ಅದರೊಂದಿಗೆ ಹೋಗುತ್ತದೆ. ಒಂದು ಚುನಾವಣೆಯಲ್ಲಿ ಒಬ್ಬ ಮನುಷ್ಯ ಒಂದೇ ಸಲ ಮತ ಹಾಕುವಂತೆ ನೋಡಿಕೊಳ್ಳಲು ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಗುರುತು ಪ್ರಜೆಯ ಮೈಮೇಲೆ ಪ್ರಭುತ್ವ ಹಾಕಿದ ಹಚ್ಚೆಯಾಗುತ್ತಿತ್ತು. ಲೇಪನದ ರಸಾಯನದಲ್ಲಿ ಇಷ್ಟು ನ್ಯಾಯಬುದ್ಧಿಯುಳ್ಳ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ.

ವಸ್ತುವಿನ ಆಯಸ್ಸೂ ಅದಕ್ಕೆ ವಹಿಸಿದ ಕೆಲಸದ ಆಯಸ್ಸೂ ಹೀಗೆ ಹೊಂದುವುದು ಅಪರೂಪ. ಸಿನಿಮಾದಲ್ಲಿ ಅದು ಹೊಂದಲಿಲ್ಲ. ಮೊದಲ ದಶಕಗಳ ಫಿಲಂ ಸೆಲ್ಯುಲೋಸ್ ನೈಟ್ರೇಟಿನದು. ಸುಂದರ, ಪಾರದರ್ಶಕ, ಬಳುಕುವ ವಸ್ತು. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನೊಳಗೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ. ಉರಿಯದಿದ್ದರೂ ನಿಧಾನವಾಗಿ ಕೊಳೆಯುತ್ತದೆ. ಕೊಳೆಯುವಾಗ ಹೊರಬರುವ ಅನಿಲ ಕೊಳೆಯುವಿಕೆಯನ್ನೇ ಚುರುಕುಗೊಳಿಸುತ್ತದೆ. ನೆನಪನ್ನು ಇಡಲು ನಾವು ಕಟ್ಟಿಕೊಂಡದ್ದು ಅರಗಿನ ಮನೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮ್ಮ ಬಳಿಯಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರ ದನಿ ಆ ಚಿತ್ರದಲ್ಲಿ ಹೇಗಿತ್ತು ಎಂಬುದನ್ನು ಕೇಳುವ ಭಾಗ್ಯ ನಮ್ಮ ತಲೆಮಾರಿಗಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ಫಿಲಂಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ದೇಶದ ಎಷ್ಟೋ ಹಳೆಯ ಚಿತ್ರಗಳು ಬೂದಿಯಾದವು. ನೈಟ್ರೇಟಿನ ಬದಲಿಗೆ ಬಂದ ಅಸಿಟೇಟ್ ಉರಿಯುವುದಿಲ್ಲ ಎಂದು ನೆಮ್ಮದಿಪಟ್ಟರೆ, ಅದು ಸೆಕೆಯಲ್ಲಿ ವಿನೆಗರ್ ವಾಸನೆ ಬಿಡುತ್ತ ಮುದುಡಿಕೊಳ್ಳುತ್ತದೆ. ಚಿತ್ರವನ್ನು ಹಿಡಿದ ಬೆಳ್ಳಿ ಗಟ್ಟಿಯಾಗಿಯೇ ಇರುತ್ತದೆ, ಹೊತ್ತ ಹಾಳೆ ಕೈಬಿಡುತ್ತದೆ. ಈ ನಷ್ಟದ ಬಗ್ಗೆ ನಾಡಿನಲ್ಲಿ ಇರಬೇಕಾದಷ್ಟು ದುಃಖ ಇಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಇದಕ್ಕೆ ತಿರುವುಮುರುವಾದದ್ದೂ ಇದೆ. 1938ರಲ್ಲಿ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್‌ಗೆ ಅನಿರೀಕ್ಷಿತವಾಗಿ ಸಿಕ್ಕ ಟೆಫ್ಲಾನ್‌ನಿಂದ ಶುರುವಾಗಿ, ಫ್ಲೋರಿನ್ ಸೇರಿದ ಪಾಲಿಮರ್‌ಗಳು ಲೇಪನದ ಲೋಕವನ್ನೇ ಬದಲಿಸಿದವು. ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ ರಸಾಯನಶಾಸ್ತ್ರ ಬಲ್ಲ ಅತಿ ಗಟ್ಟಿ ಬಂಧಗಳಲ್ಲಿ ಒಂದು. ಬಿಸಿಲಿಗೆ, ಮಳೆಗೆ, ಆಮ್ಲಕ್ಕೆ ಜಗ್ಗದು. ಬೆಂಗಳೂರಿನ ಎತ್ತರದ ಕಟ್ಟಡಗಳ ಮುಖಕ್ಕೆ ಹೊದಿಸುವ ಲೋಹದ ಹಾಳೆಗಳ ಬಣ್ಣ ವರ್ಷಾನುಗಟ್ಟಲೆ ಮಾಸದಿರುವುದು ಇಂಥ ಲೇಪದಿಂದ. ಆ ಗಟ್ಟಿತನವನ್ನು ಮೆಚ್ಚಿ ಇದೇ ಬಂಧವುಳ್ಳ ಸಣ್ಣ ಅಣುಗಳನ್ನೂ ಬೇಕಾದಲ್ಲೆಲ್ಲ ಬಳಸಿದೆವು. ಫಿಲಂ ತಯಾರಿಕೆಯಲ್ಲಿ, ಚಿಪ್‌ನ ರೆಸಿಸ್ಟ್‌ನಲ್ಲಿ, ಬೆಂಕಿ ಆರಿಸುವ ನೊರೆಯಲ್ಲಿ. ಅವು ನೀರಿಗೆ ಸೇರಿದವು, ರಕ್ತಕ್ಕೆ ಸೇರಿದವು, ಅಲ್ಲೂ ಜಗ್ಗದೆ ಕುಳಿತವು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಅಡಿಯಲ್ಲಿ ಅವುಗಳಲ್ಲೊಂದಾದ ಪಿಎಫ್‌ಒಎಸ್‌ಗೆ ನಿರ್ಬಂಧ ಹಾಕಿದಾಗ ಕೆಲವು ಬಳಕೆಗಳನ್ನು ಹೊರಗಿಡಲಾಯಿತು. ಆ ಪಟ್ಟಿಯಲ್ಲಿ ಛಾಯಾಚಿತ್ರಣವೂ ಚಿಪ್‌ಗಳ ಫೋಟೋರೆಸಿಸ್ಟೂ ಇದ್ದವು. ಬದಲಿ ಕೈಯಲ್ಲಿರಲಿಲ್ಲ. ಕ್ಷಣಕಾಲ ಇದ್ದು ಸುಟ್ಟುಹೋಗಬೇಕಾದ ಪದರಕ್ಕೆ, ಎಂದೂ ಹೋಗದ ಅಣುವನ್ನು ಬೆರೆಸಿದ್ದೆವು. ಚಿಪ್‌ನಿಂದ ಪದರ ಹೋಯಿತು, ಭೂಮಿಯಿಂದ ಅಣು ಹೋಗಲಿಲ್ಲ.

ಪದರ ಎಲ್ಲಿಯವರೆಗೆ ಉಳಿಯಬೇಕು ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ನೋವಿನಿಂದ ಯೋಚಿಸಿದವರು ಹಳೆಯ ಚಿತ್ರಗಳನ್ನು ಕಾಪಾಡುವವರು. ಅಜಂತಾ ಅವರ ದೊಡ್ಡ ಪಾಠಶಾಲೆ. ಕಳೆದ ಶತಮಾನದ ಆರಂಭದಲ್ಲಿ ಅದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಭಿತ್ತಿಗಳ ಗಾರೆ ಸಡಿಲವಾಗಿ ಚಿತ್ರಗಳು ಉದುರತೊಡಗಿದ್ದವು. 1920ರಿಂದ ಎರಡು ವರ್ಷ ಇಟಲಿಯ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರು ಅಲ್ಲಿ ಕೆಲಸ ಮಾಡಿದರು. ಸಡಿಲ ಅಂಚುಗಳನ್ನು ಭದ್ರಪಡಿಸಿದರು, ಬಣ್ಣದ ಮೇಲೆ ಅರಗಿನ ವಾರ್ನಿಷ್ ಬಳಿದರು. ಆಗ ಬಣ್ಣಗಳು ಎದ್ದು ಕಂಡಿರಬೇಕು, ಹೊಸ ವಾರ್ನಿಷ್ ಯಾವಾಗಲೂ ಹಾಗೆಯೇ. ಅವರು ಬರದಿದ್ದರೆ ಇನ್ನೆಷ್ಟೋ ಉದುರಿಹೋಗುತ್ತಿತ್ತು ಎಂಬುದನ್ನೂ ಮರೆಯಬಾರದು. ಆದರೆ ಅರಗಿಗೆ ಒಂದು ಸ್ವಭಾವವಿದೆ. ಹೊಸದಿದ್ದಾಗ ಸ್ಪಿರಿಟ್ಟಿನಲ್ಲಿ ಸುಲಭವಾಗಿ ಕರಗುತ್ತದೆ. ವರ್ಷಗಳು ಕಳೆದಂತೆ ಅದರ ಅಣುಗಳು ತಮ್ಮತಮ್ಮಲ್ಲೇ ಬೆಸೆದುಕೊಳ್ಳುತ್ತ ಹೋಗಿ ಕರಗುವ ಗುಣ ಕಳೆದುಕೊಳ್ಳುತ್ತವೆ, ಬಣ್ಣ ಹಳದಿಗೆ, ಕಂದಿಗೆ ತಿರುಗುತ್ತದೆ. ಬೋಧಿಸತ್ವ ಪದ್ಮಪಾಣಿಯನ್ನು ನೋಡಲು ಬಂದ ತಲೆಮಾರುಗಳು ಎಷ್ಟೋ ಕಡೆ ನೋಡಿದ್ದು ಈ ಕಂದುಬಣ್ಣದ ಮೂಲಕ. ಮುಂದೆ ಪಾಲಿವಿನೈಲ್ ಅಸಿಟೇಟ್‌ನ ಪದರವೂ ಸೇರಿತು. ನಂತರ ಪುರಾತತ್ವ ಸರ್ವೇಕ್ಷಣೆಯ ರಸಾಯನಜ್ಞರು ಗೋಡೆಯಿಂದ ಆ ಪದರಗಳನ್ನು ಬಿಡಿಸುವ ಕೆಲಸಕ್ಕೆ ಇಳಿದರು. ಹತ್ತಿಯ ಉಂಡೆಯನ್ನು ದ್ರಾವಣದಲ್ಲಿ ಅದ್ದಿ, ಅಂಗೈಯಗಲದ ಜಾಗ, ಮತ್ತೆ ಅಂಗೈಯಗಲದ ಜಾಗ. ಕೆಳಗೆ ಸಾವಿರದ ಐನೂರು ವರ್ಷದ ಬಣ್ಣ. ವಾರ್ನಿಷ್ ಹಚ್ಚುವುದಕ್ಕಿಂತ ತೆಗೆಯುವುದಕ್ಕೆ ಎಷ್ಟೋ ಪಟ್ಟು ಸಮಯ ಬೇಕು.

ಜಗತ್ತಿನ ಇತರ ಕಡೆಗಳಲ್ಲೂ ಇಂಥದೇ ನಡೆದಿದೆ. ‘ಕರಗುವ ನೈಲಾನ್’ ಎಂದು ಕರೆಸಿಕೊಂಡ ಒಂದು ಪಾಲಿಮರನ್ನು ಕಳೆದ ಶತಮಾನದ ನಡುಭಾಗದಲ್ಲಿ ಸಂಗ್ರಹಾಲಯಗಳು ಕಲ್ಲಿಗೆ, ದಂತಕ್ಕೆ, ಉದುರುವ ಬಣ್ಣಕ್ಕೆ ಹಚ್ಚಿದವು. ಕಾಲ ಸರಿದಂತೆ ಅದು ಕರಗದಂತಾಯಿತು, ಧೂಳನ್ನು ಹಿಡಿದುಕೊಂಡಿತು. ಪಿಟ್ಸ್‌ಬರ್ಗ್‌ನ ಮೆಲನ್ ಸಂಸ್ಥೆಯಲ್ಲಿ ರಾಬರ್ಟ್ ಫೆಲ್ಲರ್ ವಾರ್ನಿಷ್‌ಗಳಿಗೆ ಹೇಗೆ ವಯಸ್ಸಾಗುತ್ತದೆ ಎಂಬುದನ್ನೇ ಜೀವನದ ಕೆಲಸ ಮಾಡಿಕೊಂಡದ್ದು ಈ ಹಿನ್ನೆಲೆಯಲ್ಲಿ. ಅವನ ಒರೆಗಲ್ಲು ಬೇರೆ. ಹೊಳಪು, ಗಟ್ಟಿತನ ಇವುಗಳ ಜೊತೆಗೆ, ದಶಕಗಳ ಬೆಳಕು ಉಂಡ ಮೇಲೂ ಅದು ಮೊದಲಿನ ದ್ರಾವಕದಲ್ಲೇ ಕರಗುತ್ತದೆಯೇ ಎಂದು ಕೇಳಿದ. ಈ ಪರೀಕ್ಷೆಯಲ್ಲಿ ಗೆದ್ದ ಪಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಪಾಲಿಮರ್ ಕೈಗಾರಿಕಾ ಲೇಪನಗಳಿಗೆಂದು ಹುಟ್ಟಿದ್ದು. ಇಂದು ಅದು ಲೋಕದ ಸಂಗ್ರಹಾಲಯಗಳಲ್ಲೆಲ್ಲ ಇದೆ. ಒಡೆದ ಮಡಕೆಗೆ, ಕುಂಬಾದ ಮರಕ್ಕೆ, ಬಣ್ಣದ ಚಕ್ಕೆಗೆ ಅದನ್ನು ಹಚ್ಚುತ್ತಾರೆ. ಅಸಿಟೋನ್ ಹಾಕಿದರೆ ಬಿಟ್ಟುಕೊಡುತ್ತದೆ.

ಅದೂ ಎಲ್ಲ ಊರಿಗೂ ಒಗ್ಗುವುದಿಲ್ಲ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೆದುವಾಗತೊಡಗುತ್ತದೆ. ಲಂಡನ್ನಿನಲ್ಲಿ ಅದು ಲೆಕ್ಕಕ್ಕೆ ಬಾರದ ಸಂಖ್ಯೆ. ಕಲಬುರಗಿಯ ಮೇ ತಿಂಗಳಲ್ಲಿ, ರಾಯಚೂರಿನ ತಗಡಿನ ಮಾಡಿನ ಕೋಣೆಯಲ್ಲಿ ಬಿಸಿ ಆ ಗಡಿಯನ್ನು ಎಷ್ಟೋ ದಿನ ದಾಟುತ್ತದೆ. ಬೆಸೆದ ಜಾಗ ಸಡಿಲವಾಗುತ್ತದೆ, ಮೆದುವಾದ ಪದರಕ್ಕೆ ಧೂಳು ಅಂಟುತ್ತದೆ. ನಮ್ಮ ಬಿಸಿಲಿಗೆ ತಕ್ಕ ಪದರವನ್ನು ನಾವೇ ಪರೀಕ್ಷಿಸಿ ಕಂಡುಕೊಳ್ಳಬೇಕು. ಹೊರಗಿನ ಪುಸ್ತಕದ ಶಿಫಾರಸು ಸಾಲದು.

ಎಚ್ಚರದಿಂದ ಕೆಲಸ ಮಾಡುವ ಸಂರಕ್ಷಕರು ಈಗ ಪ್ರತಿ ವಸ್ತುವಿನ ಕಡತದಲ್ಲೂ ಒಂದು ವಿವರ ಬರೆದಿಡುತ್ತಾರೆ: ಯಾವ ರಾಳ, ಎಷ್ಟು ಸಾಂದ್ರತೆ, ಯಾವ ದ್ರಾವಕದಲ್ಲಿ, ಯಾವ ದಿನ, ಎಲ್ಲೆಲ್ಲಿ ಹಚ್ಚಲಾಯಿತು. ಮುಂದೊಂದು ದಿನ ಅದನ್ನು ತೆಗೆಯಬೇಕಾಗಿ ಬರುವವರಿಗಾಗಿ ಅದು. ಗುಡಿಯ ವಿಗ್ರಹಕ್ಕೆ, ರಥದ ಕೆತ್ತನೆಗೆ, ಮಠದ ಗೋಡೆಚಿತ್ರಕ್ಕೆ ಹಬ್ಬದ ಮುಂಚೆ ಅಂಗಡಿಯಿಂದ ತಂದ ವಾರ್ನಿಷ್ ಬಳಿಯುವ ನಮ್ಮ ಊರುಗಳಲ್ಲೂ ಇಂಥ ಒಂದು ನೋಟ್‌ಬುಕ್ ಇರಬೇಕು. ಡಬ್ಬಿಯ ಹೆಸರು, ತೆಳು ಮಾಡಲು ಬೆರೆಸಿದ್ದು ಏನು, ಹಚ್ಚಿದ ತಾರೀಖು, ಇಷ್ಟು ಬರೆದಿಡುವುದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಿಲ್ಲ.